ಬ್ರಷ್ ಹೋಗದ ಸಂದಿ

ನಲವತ್ತರ ಹೊಸ್ತಿಲಲ್ಲಿರುವ ಗಂಡಸು ಶಾಲೆಗೆ ಹೋಗುವ ಹುಡುಗಿಯ ಹಾಗೆ ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡರೆ ಜನ ನಗದೆ ಬಿಡುತ್ತಾರೆಯೇ? "ಏನಣ್ಣಾ, ಬಾಯೊಳಗೂ ಸೆಂಟ್ರಿಂಗ್ ಕಟ್ಟಿಸಿದ್ಯಾ?" ಎಂದು ಕಟ್ಟಡದ ಕೆಲಸದವರು ಅವನನ್ನು ರೇಗಿಸುತ್ತಿದ್ದರು. ಅವನು ತಂತಿ ಮಿನುಗುವಂತೆ ನಕ್ಕು, ಏಣಿ ಹತ್ತಿ ಹೋಗುತ್ತಿದ್ದ. ಏಳುತ್ತಿದ್ದ ಆ ಎತ್ತರದ ಕಟ್ಟಡದ ಪಕ್ಕದಲ್ಲಿ ನಿಂತಿದ್ದ ಕ್ರೇನನ್ನು ನಡೆಸುವವನು ಅವನೇ. ಬೆಳಗಿನಿಂದ ಸಂಜೆಯವರೆಗೆ ಎಲ್ಲರ ನೆತ್ತಿಯ ಮೇಲಿನ ಗಾಜಿನ ಗೂಡಿನಲ್ಲಿ ಒಬ್ಬನೇ ಕೂತಿರುತ್ತಿದ್ದುದರಿಂದ ಅವನಿಗೆ ಮೇಲಣ್ಣ ಎಂಬ ಹೆಸರೇ ನಿಂತುಬಿಟ್ಟಿತ್ತು.

ಕ್ಲಿಪ್ ಹಾಕಿಸಿಕೊಂಡದ್ದು ಚಂದಕ್ಕಲ್ಲ. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಮುಂದಿನ ಹಲ್ಲುಗಳು ಒಳಕ್ಕೆ ಮಡಚಿಕೊಂಡಿದ್ದವು. ಹೆಂಡತಿ ಆಗ ಕೆಲಸಕ್ಕೆ ಹೋಗಿದ್ದಳು. ಅವಳ ತಮ್ಮ ಅವರ ಜೊತೆಗೇ ಇದ್ದವನು, ಭಾವನೇ ಕೊಡಿಸಿದ ಕೆಲಸದಲ್ಲಿ ಅದೇ ಕ್ರೇನಿನ ಕೊಕ್ಕೆಗೆ ಹೊರೆ ಕಟ್ಟುವವನು. ಬಿದ್ದವನನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದ್ದೂ ಅವನೇ. "ಸೋಪಿನ ನೀರಕ್ಕಾ, ಕಾಲು ಜಾರ್ತು," ಎಂದು ಅವನು ಹೇಳಿದ್ದ. ಗಾಯ ಮಾಗಿದ ಮೇಲೆ ಹಲ್ಲುಗಳನ್ನು ಮತ್ತೆ ಸಾಲಿಗೆ ತರಲು ಹಲ್ಲಿನ ಡಾಕ್ಟರಮ್ಮ ತಂತಿ ಕೂರಿಸಿದರು.

ತಂತಿ ಕೂರಿಸಿದ ದಿನವೇ ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಮೇಜಿನ ಮೇಲೆ ಸಾಮಾನು ಹರಡಿದರು. "ಹಲ್ಲುಜ್ಜೋದು ಸಾಲಲ್ಲ. ತಂತಿ ಇದ್ದಾಗ ಸಂದಿಯಲ್ಲಿ ಊಟ ಕೂತುಬಿಡುತ್ತೆ. ಇದು ದಾರ. ನೇರವಾಗಿ ಹಾಕೋಕೆ ತಂತಿ ಅಡ್ಡ ಬರುತ್ತಲ್ಲ, ಅದಕ್ಕೆ ಈ ಪ್ಲಾಸ್ಟಿಕ್ ಸೂಜಿಗೆ ಪೋಣಿಸಿ ತಂತಿ ಕೆಳಗಿಂದ ಎಳೀಬೇಕು. ಇದು ಸಂದಿ ಬ್ರಷ್ಷು. ನೀರು ಚಿಮ್ಮಿಸೋ ಯಂತ್ರಾನೂ ಇದೆ, ಆದ್ರೆ ಅದು ಸಡಿಲ ಇರೋದನ್ನ ತೊಳೆಯುತ್ತೆ, ಅಂಟಿರೋದನ್ನ ಪೂರ್ತಿ ಕೀಳಲ್ಲ."

ಅವನು ತನ್ನ ದಪ್ಪ ಬೆರಳುಗಳನ್ನು ನೋಡಿಕೊಂಡ. "ಇದೆಲ್ಲ ನನ್ನ ಕೈಲಾಗೋ ಮಾತಲ್ಲ ಡಾಕ್ಟ್ರೇ. ಎಷ್ಟೇ ಭಾರ ಕೊಡಿ, ಎತ್ತಿಬಿಡ್ತೀನಿ. ಈ ದಾರ ನಂಗೆ ಎತ್ತೋಕಾಗಲ್ಲ."

"ನಾನು ಮಾಡ್ತೀನಿ ಬಿಡಿ," ಎಂದಳು ಹೆಂಡತಿ. ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಗಾಜು ಕೂರಿಸುವ ಕೆಲಸ. ಸಾಸಿವೆಯಷ್ಟು ತಿರುಪನ್ನು ಉಸಿರು ಬಿಗಿಹಿಡಿದು ತಿರುಗಿಸುವ ಕೈ ಅದು. ಬ್ರಷ್ಷುಗಳಲ್ಲಿ ಬಣ್ಣಕ್ಕೊಂದು ದಪ್ಪ. ಯಾವುದನ್ನು ಆರಿಸಬೇಕು ಎಂದು ಕೇಳಿದಳು. "ಸಡಿಲವಾಗಿ ಓಡಾಡಿದ್ರೆ ಪ್ರಯೋಜನ ಇಲ್ಲ, ಒತ್ತಿ ತುರುಕಿದ್ರೆ ವಸಡಿಗೆ ಗಾಯ. ಸ್ವಲ್ಪ ಬಿಗಿ ಇರ್ಬೇಕು, ನೋಯಬಾರ್ದು," ಎಂದರು ಡಾಕ್ಟರಮ್ಮ. ಒಂದೊಂದಾಗಿ ಹಾಕಿ ನೋಡಿ, ಮುಂದಿನ ಸಂದಿಗೆ ಕೆಂಪು, ಹಿಂದಿನದಕ್ಕೆ ನೀಲಿ ಎಂದು ಅವಳು ಆರಿಸಿಕೊಂಡಳು.

ಅಂದಿನಿಂದ ಬೆಳಿಗ್ಗೆ ಸಂಜೆ ಅದೊಂದು ಪೂಜೆಯೇ ಆಯಿತು. ಕಿಟಕಿಯ ಪಕ್ಕ ಕುರ್ಚಿ ಹಾಕಿ, ಅವನು ತಲೆ ಹಿಂದಕ್ಕೆ ವಾಲಿಸಿ ಬಾಯಿ ತೆರೆದು ಕೂರುವುದು, ಅವಳು ಅಂಗಡಿಯ ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ಒಂದೊಂದೇ ಸಂದಿಯಲ್ಲಿ ಬ್ರಷ್ ಆಡಿಸುವುದು. ಬಾಯಿ ತುಂಬ ಬೆರಳಿದ್ದಾಗಲೂ ಅವನು ಏನೋ ಹೇಳಲು ಹೋಗುತ್ತಿದ್ದ. "ಮದುವೆಯಾಗಿ ಇಷ್ಟು ವರ್ಷಕ್ಕೆ ಈಗ ನಿಮ್ಮ ಬಾಯಿ ನನ್ನ ಕೈಗೆ ಸಿಕ್ಕಿದೆ, ಸುಮ್ನಿರಿ," ಎಂದು ಅವಳು ನಗುತ್ತಿದ್ದಳು.

ಮಳೆಗಾಲ ಮುಗಿಯುವ ಹೊತ್ತಿಗೆ ನೀಲಿ ಬ್ರಷ್ ಹಿಂದಿನ ಸಂದಿಯಲ್ಲಿ ಸಿಕ್ಕಿಕೊಳ್ಳತೊಡಗಿತು. ಹಲ್ಲು ಸರಿಯುತ್ತಿದೆ, ಸಂದಿ ಕಿರಿದಾಗುತ್ತಿದೆ ಎಂದುಕೊಂಡು ಅವಳು ಅದಕ್ಕಿಂತ ಸಣ್ಣದನ್ನು ತಂದಳು. ಸ್ವಲ್ಪ ದಿನಕ್ಕೆ ಅದೂ ಹೋಗಲಿಲ್ಲ. ಎಲ್ಲಕ್ಕಿಂತ ತೆಳ್ಳನೆಯದನ್ನು ತಂದಳು. ಕೊನೆಗೆ ಬ್ರಷ್ ಬಿಟ್ಟು ದಾರ ಹಿಡಿದಳು. ಪ್ಲಾಸ್ಟಿಕ್ ಸೂಜಿ ತಂತಿಯ ಕೆಳಗೆ ನುಸುಳುವ ಮೊದಲೇ ಮೆತ್ತಗಿನದೇನಕ್ಕೋ ತಾಗಿ ಬಾಗುತ್ತಿತ್ತು. ಭೂತಗನ್ನಡಿ ಹತ್ತಿರ ತಂದು ನೋಡಿದಳು. ಹಲ್ಲು ಹಲ್ಲಿನ ನಡುವೆ ವಸಡು ಮಣಿಯ ಹಾಗೆ ಉಬ್ಬಿ, ತಂತಿಯತ್ತ ಹತ್ತಿ ಬರುತ್ತಿತ್ತು. ರಕ್ತ ಹೆಚ್ಚಿರಲಿಲ್ಲ, ನೋವೂ ಇರಲಿಲ್ಲ. ಅದೇ ಅವಳಿಗೆ ಸರಿ ಕಾಣಲಿಲ್ಲ. ನೋಯದೆ, ಸದ್ದಿಲ್ಲದೆ, ದಿನಕ್ಕಿಷ್ಟು ಬೆಳೆಯುತ್ತಿತ್ತು.

ಆ ದಿನಗಳಲ್ಲೇ ಇನ್ನೊಂದು ಸಂಗತಿ ಅವಳ ಕಣ್ಣಿಗೆ ಬಿತ್ತು. ಊಟಕ್ಕೆ ಕೂತಿದ್ದಾಗ ಅವನ ಕೈಯ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತುಬಿಡುತ್ತಿತ್ತು. ಕಣ್ಣು ಗೋಡೆಯ ಮೇಲೆ, ತುಟಿ ಮಾತ್ರ ಏನನ್ನೋ ಚಪ್ಪರಿಸುವಂತೆ ಅಲುಗುತ್ತಿತ್ತು. "ರೀ," ಎಂದರೆ ಉತ್ತರವಿಲ್ಲ. ಮತ್ತೆ ಕರೆದಾಗ, "ಹಾ, ಏನು?" ಎಂದು ಏನೂ ಆಗದವನ ಹಾಗೆ ಊಟ ಮುಂದುವರಿಸುತ್ತಿದ್ದ. ದಣಿವು ಎಂದುಕೊಂಡಳು. ತಮ್ಮ ಮಾತ್ರ ಅಂಥ ಹೊತ್ತಿನಲ್ಲಿ ತಟ್ಟೆ ಬಿಟ್ಟು ತಲೆ ಎತ್ತುತ್ತಿರಲಿಲ್ಲ.

ನೀರು ಚಿಮ್ಮಿಸುವ ಯಂತ್ರವನ್ನಾದರೂ ಕೊಳ್ಳೋಣ ಎಂದು ಅವಳು ಅವನನ್ನು ಮತ್ತೆ ಡಾಕ್ಟರಮ್ಮನ ಬಳಿಗೆ ಕರೆದೊಯ್ದಳು. ಡಾಕ್ಟರಮ್ಮ ಬಾಯಿಯೊಳಗೆ ದೀಪ ಹಿಡಿದು ನೋಡಿದರು. ನೋಡುತ್ತಲೇ ಇದ್ದರು. ಕೊನೆಗೆ ಕೈಯಲ್ಲಿದ್ದ ಪುಟ್ಟ ಕನ್ನಡಿಯನ್ನು ತಟ್ಟೆಯಲ್ಲಿಟ್ಟರು.

"ಕ್ಲೀನ್ ಮಾಡೋದ್ರಲ್ಲಿ ಏನೂ ತಪ್ಪಿಲ್ಲಮ್ಮ. ಇಷ್ಟು ಚೊಕ್ಕಟ ಇಟ್ಕೊಂಡೂ ವಸಡು ಹೀಗೆ ಬೆಳೆದಿದೆ ಅಂದ್ರೆ ಕಾರಣ ಬಾಯಲ್ಲಿಲ್ಲ." ಅವನತ್ತ ತಿರುಗಿದರು. "ಕೆಲವು ಮಾತ್ರೆಗಳಿಂದ ಹೀಗಾಗುತ್ತೆ. ಬಿಪಿಗೆ ಕೊಡೋ ಕೆಲವು, ಮೂರ್ಛೆಗೆ ಕೊಡೋದು. ನೀವು ಏನಾದ್ರೂ ತಗೋತಿದ್ದೀರಾ?"

"ಇಲ್ಲ," ಎಂದ ಅವನು, ಪ್ರಶ್ನೆ ಪೂರ್ತಿ ಮುಗಿಯುವ ಮೊದಲೇ.

"ಯೋಚನೆ ಮಾಡಿ ಹೇಳಿ. ಹೆದರ್ಕೊಳ್ಳೋದೇನಿಲ್ಲ. ಮಾತ್ರೆ ಬದಲಾಯಿಸಬಹುದು."

"ಇಲ್ಲ ಅಂದ್ನಲ್ಲ ಡಾಕ್ಟ್ರೇ. ನಂಗೆ ತಲೆನೋವಿನ ಮಾತ್ರೇನೂ ಆಗಿಬರಲ್ಲ."

ದಾರಿಯುದ್ದಕ್ಕೂ ಅವನು ಹಿಂದೆಂದೂ ಇಲ್ಲದಷ್ಟು ಮಾತಾಡಿದ. ರಸ್ತೆಯ ಗುಂಡಿ, ಬಸ್ಸಿನ ರಶ್ಶು, ಹೊಸದಾಗಿ ಬಂದ ಇಂಜಿನಿಯರನ ಟೋಪಿ. ಅವಳು ಹೂಂಗುಟ್ಟುತ್ತ ನಡೆದಳು. ಊಟದ ನಡುವೆ ಗಾಳಿಯಲ್ಲೇ ನಿಂತುಬಿಡುತ್ತಿದ್ದ ಚಮಚ ಅವಳ ಕಣ್ಣ ಮುಂದೆ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಅವನು ಬೇಗ ಹೊರಟುಹೋದ. ತಮ್ಮ ಬೂಟಿನ ದಾರ ಕಟ್ಟುತ್ತಿದ್ದಾಗ ಅವಳು ಬಾಗಿಲಿಗೆ ಅಡ್ಡ ನಿಂತಳು.

"ಭಾವ ಬಚ್ಚಲಲ್ಲಿ ಬಿದ್ದ ದಿನ ಆಸ್ಪತ್ರೆಯಲ್ಲಿ ಏನಂದ್ರು?"

"ಹೇಳಿದ್ನಲ್ಲಕ್ಕಾ, ಜಾರಿ..."

"ನನ್ನ ಮುಖ ನೋಡಿ ಹೇಳು."

ಅವನು ದಾರವನ್ನು ಬಿಚ್ಚಿದ, ಮತ್ತೆ ಕಟ್ಟಿದ, ಮತ್ತೆ ಬಿಚ್ಚಿದ. "ನಾನು ಒಳಗೆ ಹೋದಾಗ ಭಾವ ಒದ್ದಾಡ್ತಿದ್ರು. ಬಾಯಲ್ಲಿ ನೊರೆ. ಮೂರ್ಛೆ ಅಂದ್ರು ಡಾಕ್ಟ್ರು. ಮಾತ್ರೆ ಕೊಟ್ರು. ಕ್ರೇನು ಹತ್ತಲೇಬಾರ್ದು ಅಂದ್ರು. ಭಾವ ನನ್ನ ಕೈ ಹಿಡ್ಕೊಂಡು ಅತ್ತುಬಿಟ್ರು ಅಕ್ಕಾ. ಆ ಸೀಟು ಬಿಟ್ರೆ ನಾನು ಯಾರು ಅಂತ ಕೇಳಿದ್ರು. ನಿಂಗೂ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು. ಮಾತ್ರೆ ತಗೊಂಡ್ರೆ ಬರಲ್ಲ ಅಂತ ನಾನೂ ನಂಬ್ಕೊಂಡೆ."

"ಬರ್ತಿಲ್ಲವಾ?"

ಅವನು ಬಾಗಿಲ ಕಡೆ ನೋಡಿದ. "ಬೀಳೋದು ಇಲ್ಲ. ಆದ್ರೆ ಮೊನ್ನೆ ಒಂದಿನ ಇಟ್ಟಿಗೆ ತೊಟ್ಟಿ ಗಾಳಿಯಲ್ಲೇ ನಿಂತ್ಬಿಡ್ತು. ಕರೆದ್ರೆ ಮಾತಿಲ್ಲ. ವಾಕಿಟಾಕಿ ಕೆಟ್ಟಿದೆ ಅಂತ ಎಲ್ಲರಿಗೂ ಹೇಳ್ದೆ, ಭಾವಂಗೂ."

"ಆ ತೊಟ್ಟಿ ಕೆಳಗೆ ಯಾರಿದ್ರು?"

ತಮ್ಮ ಬೂಟಿನ ದಾರ ಬಿಗಿದು ಗಂಟು ಹಾಕಿದ. "ನಾನೇ ಇದ್ದೆ," ಎಂದ.

ಅವಳು ಅಂಗಡಿಗೆ ಹೋಗಲಿಲ್ಲ. ತಮ್ಮನ ಹಿಂದೆಯೇ ಹೊರಟಳು. ದಾರಿಯಲ್ಲಿ ಅವನು, "ಸಂಜೆ ಮನೇಲಿ ಮಾತಾಡೋಣ ಅಕ್ಕಾ, ಎಲ್ಲರೆದುರು ಬೇಡ," ಎಂದು ಗೋಗರೆದ. ಸಂಜೆಯವರೆಗೆ ಕಾಯುವುದು ಅವಳಿಂದ ಆಗುವಂತಿರಲಿಲ್ಲ.

ಗೇಟಿನ ಒಳಗೆ ಒಂದು ಹೆಲ್ಮೆಟ್ ಕೊಟ್ಟರು. ಅದು ಅವಳ ಕಣ್ಣಿನ ಮೇಲೆ ಜಾರುತ್ತಿತ್ತು. ಕ್ರೇನ್ ಆಗಲೇ ಕೆಲಸ ಶುರು ಮಾಡಿತ್ತು. ಕಬ್ಬಿಣದ ಸರಳುಗಳ ದೊಡ್ಡ ಕಟ್ಟೊಂದು ನೆಲ ಬಿಟ್ಟು ಮೇಲೇರಿ, ನಿಧಾನವಾಗಿ ಅರ್ಧ ಕಟ್ಟಿದ ಮಹಡಿಯ ಕಡೆ ತಿರುಗುತ್ತಿತ್ತು. ಮಹಡಿಯಲ್ಲಿ ಸರಳು ಕಟ್ಟುವವರು ಬಗ್ಗಿ ಕೂತಿದ್ದರು. ಮೇಲೆ ಗಾಜಿನ ಗೂಡು ಬಿಸಿಲಿಗೆ ಥಳಥಳಿಸುತ್ತಿತ್ತು. ಒಳಗಿರುವವನು ಕಾಣುತ್ತಿರಲಿಲ್ಲ.

"ಅದನ್ನ ಇಲ್ಲಿ ಕೊಡು," ಎಂದು ತಮ್ಮನ ಕೈಯಿಂದ ವಾಕಿಟಾಕಿ ಕಿತ್ತುಕೊಂಡಳು. "ಯಾವುದು ಒತ್ತಬೇಕು?"

ತಮ್ಮ ತೋರಿಸಿದ.

"ರೀ, ನಾನು. ಆ ಹೊರೆ ಕೆಳಗಿಟ್ಟು ಇಳಿದು ಬನ್ನಿ."

ಕೆಲಸದ ಜಾಗದ ಎಲ್ಲ ವಾಕಿಟಾಕಿಗಳಲ್ಲೂ ಅವಳ ದನಿ ಕೇಳಿಸಿತು. "ಮೇಲಣ್ಣಂಗೆ ಮನೆಯಿಂದ ವಾರಂಟ್ ಬಂತು!" ಎಂದು ಯಾರೋ ಕೂಗಿದರು. ಮಹಡಿಯವರೆಲ್ಲ ನಕ್ಕರು. ಅಷ್ಟರಲ್ಲಿ ಸರಳಿನ ಕಟ್ಟು ನಿಂತಿತು. ಸರಿಯಾಗಿ ಅವರ ನೆತ್ತಿಯ ಮೇಲೆ.

"ರೀ, ಕೇಳಿಸ್ತಾ?"

ಉತ್ತರ ಬರಲಿಲ್ಲ. ಕೋಪ ಮಾಡಿಕೊಂಡ ಎಂದುಕೊಂಡಳು. ನಾಲ್ಕು ಜನರೆದುರು ಮಾನ ತೆಗೆದಳಲ್ಲ ಎಂದು ಹಲ್ಲು ಕಚ್ಚಿ ಕೂತಿದ್ದಾನೆ. ಮತ್ತೆ ಕರೆದಳು. ಮತ್ತೆ ಮತ್ತೆ ಕರೆದಳು. ಗಾಳಿಗೆ ಕಟ್ಟು ತನ್ನ ಪಾಡಿಗೆ ತಾನು ತಿರುಗುತ್ತಿತ್ತು. ಅದರ ನೆರಳು ಕೆಳಗಿನವರ ಬೆನ್ನಿನ ಮೇಲೆ ಹಾದುಹೋಗುತ್ತಿತ್ತು. ಒಬ್ಬೊಬ್ಬರದೇ ನಗು ನಿಂತಿತು. ತಮ್ಮನ ಮುಖ ಸುಣ್ಣ ಬಳಿದ ಹಾಗಾಯಿತು.

"ಜಾಗ ಬಿಡ್ರೋ! ಎಲ್ಲ ಆಚೆ ಬನ್ನಿ!" ಎಂದು ಅರಚುತ್ತ ಅವನು ಮೆಟ್ಟಿಲ ಕಡೆ ಓಡಿದ. ಏನು ಎತ್ತ ಎಂದು ತಿಳಿಯದಿದ್ದರೂ ಅವನ ದನಿ ಕೇಳಿ ಜನ ಸಾಮಾನು ಅಲ್ಲೇ ಬಿಟ್ಟು ಚೆದುರಿದರು.

"ಇಳಿದು ಬನ್ನಿ," ಎಂದಳು ಅವಳು. ದನಿ ಅವಳದೇ ಅನ್ನಿಸಲಿಲ್ಲ.

ವಾಕಿಟಾಕಿ ಗರಗರ ಎಂದಿತು. "ಹಾ," ಎಂದ ಅವನು, ನಿದ್ದೆಯಿಂದ ಎದ್ದವನ ಹಾಗೆ.

ಕಟ್ಟು ಹಿಂದಕ್ಕೆ ತಿರುಗಿ, ಇಳಿದು, ಖಾಲಿ ನೆಲದ ಮೇಲೆ ಕೂತಿತು. ಆಮೇಲೆ ಅವನು ಇಳಿಯಲು ತೊಡಗಿದ. ಆ ಉದ್ದನೆಯ ಏಣಿಯಲ್ಲಿ ಒಂದೊಂದು ಮೆಟ್ಟಿಲಿಗೂ ಅವನ ಕಾಲು ತಡಕಾಡುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡುತ್ತ ನಿಂತಳು. ಅವನು ನೆಲ ಮುಟ್ಟುವ ಹೊತ್ತಿಗೆ ಇಂಜಿನಿಯರನೂ ಬಂದ.

"ಏನಮ್ಮ ಇದು? ಕೆಲಸದ ಜಾಗದಲ್ಲಿ ಸಂಸಾರ ನಡೆಸೋಕೆ ಬಂದ್ರಾ?"

"ಮನೆ ಜಗಳ ಸಾರ್," ಎಂದು ಅವನು ನಗಲು ನೋಡಿದ. ಉಬ್ಬಿದ ವಸಡಿನ ನಡುವೆ ತಂತಿ ಒಂದಿಷ್ಟೇ ಹೊಳೆಯಿತು. "ಹೆಂಗಸ್ರು ಅಂದ್ಮೇಲೆ..."

"ಇವರಿಗೆ ಮೂರ್ಛೆ ಬರುತ್ತೆ," ಎಂದಳು ಅವಳು. "ಒಂದು ವರ್ಷದಿಂದ ಮಾತ್ರೆ ತಗೋತಿದ್ದಾರೆ. ನನಗೂ ಹೇಳಿಲ್ಲ, ನಿಮಗೂ ಹೇಳಿಲ್ಲ."

ಅವನು ಅವಳನ್ನು ನೋಡಿದ ನೋಟದಲ್ಲಿ ಸಿಟ್ಟೂ ಇರಲಿಲ್ಲ. ಅದು ಅವಳಿಗೆ ಇನ್ನೂ ಕಷ್ಟವಾಯಿತು. ಇಂಜಿನಿಯರ್ ತಮ್ಮನತ್ತ ತಿರುಗಿದ. ತಮ್ಮ ತಲೆ ತಗ್ಗಿಸಿ, "ಹೌದು ಸಾರ್. ನಂಗೆ ಗೊತ್ತಿತ್ತು," ಎಂದ.

ಅವತ್ತು ಕ್ರೇನ್ ಮತ್ತೆ ಅಲುಗಲಿಲ್ಲ. ಮರುದಿನ ಬೇರೊಬ್ಬ ಬಂದು ಗೂಡಿನಲ್ಲಿ ಕೂತ. ಹಳೆಯ ಕೆಲಸಗಾರನೆಂಬ ಮರ್ಯಾದೆಗೆ ಅವನನ್ನು ಸಾಮಾನಿನ ಕೊಠಡಿಗೆ ಹಾಕಿದರು. ತಮ್ಮನನ್ನು ಮಾತ್ರ ಉಳಿಸಿಕೊಳ್ಳಲಿಲ್ಲ. ಅವನು ಬಟ್ಟೆ ಗಂಟು ಕಟ್ಟಿಕೊಂಡು ಬೇರೆ ಕಡೆ ಕೆಲಸ ಹುಡುಕಿಕೊಂಡು ಹೋದ. ಭಾವನ ಭುಜ ಮುಟ್ಟಿ ಹೊರಟ.

ಗಂಡ ಅವಳೊಡನೆ ಮಾತು ಬಿಟ್ಟ. ನರಗಳ ಡಾಕ್ಟರ ಬಳಿಗೆ ಕರೆದರೆ ಎದ್ದು ಬರುತ್ತಿದ್ದ, ಮಾತ್ರೆ ಕೊಟ್ಟರೆ ನುಂಗುತ್ತಿದ್ದ. ಹಳೆಯ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸುವಂತಿಲ್ಲ ಎಂದು ಅವರು ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಿ ಹೊಸದಕ್ಕೆ ಬದಲಾಯಿಸಿದರು. ವಸಡು ತಾನಾಗಿ ಒಂದಷ್ಟು ಇಳಿಯಿತು. ಉಳಿದದ್ದನ್ನು ಡಾಕ್ಟರಮ್ಮ ಕತ್ತರಿಸಿ ತೆಗೆದರು. ಗಾಯ ಒಣಗುವವರೆಗೆ ಅವನ ಬಾಯಿಗೆ ಕೈ ಹಾಕುವ ಕೆಲಸವೂ ಅವಳಿಗಿರಲಿಲ್ಲ. ಕಿಟಕಿಯ ಪಕ್ಕದ ಕುರ್ಚಿ ಖಾಲಿ ಇರುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಅವನೇ ಬಂದು ಆ ಕುರ್ಚಿಯಲ್ಲಿ ಕೂತು ಬಾಯಿ ತೆರೆದ. ಅವಳು ಕೈ ತೊಳೆದು ಬಂದಳು. ತೆಳ್ಳನೆಯ ಬ್ರಷ್ ಸಡಿಲವಾಗಿ ಹೋಯಿತು. ಅದಕ್ಕಿಂತ ದಪ್ಪನೆಯದನ್ನು ಹಾಕಿದಳು. ಅದು ತುಸು ಬಿಗಿಯಾಗಿ, ನೋಯದೆ, ಒಳಗೆ ಹೋಗಿ ಹೊರಗೆ ಬಂತು. ಮುಂದಿನ ಸಂದಿಗೆ ಹೋಗುವಷ್ಟರಲ್ಲಿ ಅವನು ಅವಳ ಮುಂಗೈ ಹಿಡಿದು ತಡೆದ.

"ಅವತ್ತು ನೀನು ನನ್ನ ಎಷ್ಟು ಸಲ ಕರೆದೆ?"

ಎಷ್ಟೋ ದಿನಗಳ ಮೇಲೆ ಅವನು ಆಡಿದ ಮೊದಲ ಮಾತು. "ಲೆಕ್ಕ ಇಟ್ಟಿಲ್ಲ. ತುಂಬಾ ಸಲ. ಯಾಕೆ? ಕೋಪ ಬಂದು ಸುಮ್ನಿದ್ರಿ, ಗೊತ್ತು ಬಿಡಿ."

"ನಾನೂ ಎಲ್ಲರಿಗೂ ಹಾಗೇ ಹೇಳ್ದೆ." ಅವನು ಕಿಟಕಿಯ ಹೊರಗೆ ನೋಡಿದ. "ನಂಗೆ ಕೇಳಿಸಿದ್ದು ಒಂದೇ ಸಲ ಕಣೇ. ಇಳಿದು ಬನ್ನಿ ಅಂದ್ಯಲ್ಲ, ಅದೊಂದೇ. ಕಬ್ಬಿಣ ನೆಲದಿಂದ ಎತ್ತಿದ್ದು ನೆನಪಿದೆ. ಆ ಹುಡುಗರ ತಲೆ ಮೇಲಕ್ಕೆ ಅದು ಯಾವಾಗ ಹೋಯ್ತು, ಯಾರು ತಗೊಂಡು ಹೋದ್ರು, ನಂಗೊತ್ತಿಲ್ಲ. ಕೈ ನಂದೇ ಇತ್ತು ಲಿವರ್ ಮೇಲೆ."

ಅವಳು ಬ್ರಷ್ಷನ್ನು ಕಿಟಕಿಯ ಅಂಚಿನಲ್ಲಿಟ್ಟಳು. ಹೊರಗೆ ರಸ್ತೆಯಲ್ಲಿ ಮಕ್ಕಳು ಸೈಕಲ್ ಕಲಿಯುತ್ತ ಬೀಳುತ್ತ ಏಳುತ್ತ ಕೇಕೆ ಹಾಕುತ್ತಿದ್ದರು. ಅವನ ಕೈ ಇನ್ನೂ ಅವಳ ಮುಂಗೈಯನ್ನು ಬಿಟ್ಟಿರಲಿಲ್ಲ. ಬಿಡಿಸಿಕೊಳ್ಳಲು ಅವಳೂ ಹೋಗಲಿಲ್ಲ.

"ಅದಕ್ಕೂ ಮೊದಲು ಎಷ್ಟು ಸಲ ಹೀಗಾಗಿರ್ಬಹುದು?" ಎಂದು ಕೇಳಿದಳು.

"ಗೊತ್ತಾಗಿದ್ರೆ ನಾನು ಮೇಲೆ ಹತ್ತುತ್ತಿದ್ನಾ?" ಎಂದ ಅವನು. ಆಮೇಲೆ ಅವಳ ಕೈ ಬಿಟ್ಟು, ತಲೆ ಹಿಂದಕ್ಕೆ ವಾಲಿಸಿ ಮತ್ತೆ ಬಾಯಿ ತೆರೆದ.