ಟೊಮೇಟೊ ಸಸಿಯೂ ಸ್ಕ್ಯಾನಿಂಗ್ ಕೋಣೆಯ ಪರದೆಯೂ

ಮರಿತ್ಸಾ ನದಿಯ ದಡದ ಆ ಆಸ್ಪತ್ರೆಯಲ್ಲಿ ಆ ಮಾರ್ಚ್ ತಿಂಗಳು ಇತ್ಯರ್ಥವಾಗಬೇಕಿದ್ದ ಘನಗಂಭೀರ ಪ್ರಶ್ನೆ ಒಂದೇ: ಸ್ಕ್ಯಾನಿಂಗ್ ಕೋಣೆಯ ಕಿಟಕಿಯ ಪರದೆ ತೆರೆದಿರಬೇಕೋ, ಮುಚ್ಚಿರಬೇಕೋ? ವಿಭಾಗದ ಮುಖ್ಯಸ್ಥ ಡಾಕ್ಟರ್ ಪೆನ್ಚೋ ಆ ಕಿಟಕಿಯಲ್ಲಿ ಮೊಸರಿನ ಖಾಲಿ ಕುಡಿಕೆಗಳಲ್ಲಿ ಟೊಮೇಟೊ ಸಸಿ ಬೆಳೆಸಿದ್ದರು. ಅವಕ್ಕೆ ಬಿಸಿಲು ಬೇಕು. ಅವರ ಕೈಕೆಳಗಿನ ಡಾಕ್ಟರ್ ಝಿವ್ಕಾಗೆ ಯಂತ್ರದ ಚಿತ್ರ ನೋಡಲು ಕತ್ತಲೆ ಬೇಕು.

ಎಡಗೈ ತಲೆಯ ಮೇಲಿಟ್ಟು, ಎದೆಗೆ ತಣ್ಣನೆಯ ಜೆಲ್ ಬಳಿಸಿಕೊಂಡು ಮಲಗಿದ್ದ ಸ್ಟೋಯ್ಕಾಗೆ ಬೇಕಿದ್ದದ್ದು ಸೂಜಿ. ಎಕ್ಸ್‌ರೇಯಲ್ಲಿ ಅವಳ ಸ್ತನದೊಳಗೆ ಪುಡಿಯುಪ್ಪು ಚೆಲ್ಲಿದಂತೆ ಸುಣ್ಣದ ಕಣಗಳು ಕಂಡಿದ್ದವು. ಅಲ್ಟ್ರಾಸೌಂಡ್‌ನಲ್ಲೂ ಕಂಡರೆ, ನೋಡುತ್ತಲೇ ಸೂಜಿ ಹಾಕಿ ಇವತ್ತೇ ಪರೀಕ್ಷೆಗೆ ಚೂರು ತೆಗೆಯಬಹುದು. ಕಾಣದಿದ್ದರೆ, ಎಕ್ಸ್‌ರೇ ನೋಡುತ್ತ ಸೂಜಿ ಹಾಕುವ ಯಂತ್ರವಿರುವ ರಾಜಧಾನಿ ಸೋಫಿಯಾಕ್ಕೆ ಹೋಗಬೇಕು. ಅಲ್ಲಿ ಸರದಿ ಬರುವುದು ಬೇಸಿಗೆ ಕಳೆದ ಮೇಲೆ. ಅಂಥದೇ ಸರದಿ ಕಾಯುತ್ತ ಅವಳ ಅಕ್ಕ ಸತ್ತಿದ್ದಳು.

ಝಿವ್ಕಾ ಪರದೆ ಎಳೆದಳು. ಪೆನ್ಚೋ ಬಂದು ಸರಿಸಿದರು. ಅವಳು ಮತ್ತೆ ಎಳೆದಳು.

“ಆ ಕಣ ಎಲ್ಲ ಇದ್ರಲ್ಲಿ ಕಾಣಲ್ಲ ಅಮ್ಮಣ್ಣಿ. ಕಾಣದ್ದನ್ನ ಹುಡುಕೋಕೆ ನನ್ನ ಸಸಿ ಸಾಯ್ಬೇಕಾ?”

“ಕಾಣತ್ತೆ ಸಾರ್. ಮೆಷೀನಲ್ಲಿ ಬಣ್ಣ ಹಾಕಿದ್ರೆ ಮಿನುಗತ್ತೆ. ಕತ್ತಲೆ ಇರ್ಬೇಕು ಅಷ್ಟೆ.”

ಪೆನ್ಚೋ ಅವಳ ಮಣಿಕಟ್ಟು ಹಿಡಿದು ತಿರುಚಿದರು. ಝಿವ್ಕಾ ಇನ್ನೊಂದು ಕೈಯಲ್ಲಿ ಕುಡಿಕೆ ಎತ್ತಿ ಅವರ ಹಣೆಗೆ ಅಪ್ಪಳಿಸಿದಳು. ಮಣ್ಣು, ಎಲೆ, ರಕ್ತ ಒಟ್ಟಿಗೇ ಇಳಿದವು. ಅವರು ಬಾರಿಸಿದ ಏಟಿಗೆ ಅವಳ ತುಟಿ ಸೀಳಿತು; ಜುಟ್ಟು ಹಿಡಿದು ಅವಳ ತಲೆಯನ್ನು ಗೋಡೆಗೆ ಗುದ್ದಿದರು. ಅವಳು ಅವರ ಕೈ ಕಚ್ಚಿದಳು. ಮಾರ್ಚ್ ತಿಂಗಳಲ್ಲಿ ಶುಭಕ್ಕೆಂದು ಅವರ ಹೆಂಡತಿ ಆ ಕೈಗೆ ಕಟ್ಟಿದ್ದ ಕೆಂಪು ಬಿಳಿ ದಾರ ಪೂರ್ತಿ ಕೆಂಪಾಯಿತು.

ಸ್ಟೋಯ್ಕಾ ಮಂಚದಿಂದಿಳಿದಳು. ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಲ್ಲಿ ಪೆಟ್ಟಿಗೆ ಹೊತ್ತ ತೋಳು ಅವಳದು. ಪೆನ್ಚೋರ ಕೊರಳಪಟ್ಟಿ ಹಿಡಿದು, ಮೂಗು ಮುರಿದ ಸದ್ದು ಕೇಳುವ ತನಕ ಮುಖವನ್ನು ಬಾಗಿಲ ಚೌಕಟ್ಟಿಗೆ ಚಚ್ಚಿ, ಆಚೆ ದಬ್ಬಿ ಚಿಲಕ ಹಾಕಿದಳು.

“ಸೂಜಿ ಹಾಕಿಸ್ಕೊಂಡೇ ಹೋಗೋದು ನಾನು,” ಎಂದು ಮತ್ತೆ ಕೈಯೆತ್ತಿ ಮಲಗಿದಳು. “ಮಾಡಿ ಡಾಕ್ಟ್ರಮ್ಮ.”

ಪೆನ್ಚೋ ಆಚೆಯಿಂದ ಬಾಗಿಲು ಒದೆಯುತ್ತ, ಉಳಿದ ಸಸಿಗಳಿಗಾದರೂ ನೀರು ಹಾಕಿ ಎಂದು ಕೂಗುತ್ತಿದ್ದರು. ಝಿವ್ಕಾ ಪರದೆ ಎಳೆದು ಬಣ್ಣದ ಗುಂಡಿ ಒತ್ತಿದಳು. ಮಾನಿಟರ್ ಮೇಲೆ ಬೂದು ಮಾಂಸದ ನಡುವೆ ಕೆಂಪು ನೀಲಿ ಕಿಡಿಗಳು ಮಿಣುಕಿದವು. ತುಟಿಯಿಂದ ರಕ್ತ ತೊಟ್ಟಿಕ್ಕುತ್ತಿರುವಾಗಲೇ ಅಲ್ಲಿಗೆ ಸೂಜಿ ಇಳಿಸಿದಳು.

ಅದು ಕ್ಯಾನ್ಸರೇ, ಆದರೆ ಇನ್ನೂ ಹಾಲಿನ ನಾಳ ದಾಟಿ ಹಬ್ಬಿರಲಿಲ್ಲ. ಏಪ್ರಿಲ್‌ನಲ್ಲಿ ಕತ್ತರಿಸಿ ತೆಗೆದರು. ಸಸಿ ಒಂದೂ ಉಳಿಯಲಿಲ್ಲ.