ತಂದೆಯ ಬಲಕ್ಕೆ

ಈಗಲೇ ಹೇಳಿಬಿಡಲೇ? ಹೇಳಿದರೆ ಅವಳ ಕೊನೆಯ ನೆಮ್ಮದಿಯೂ ಹೋಗುತ್ತದೆ. ಹೇಳದೆ ಕಳಿಸಿದರೆ? ಫ್ರೋಯ್ಲಾನ್ ಸಾವಿನಂಚಿನಲ್ಲಿದ್ದ ತಾಯಿಯ ಮಂಚದ ಪಕ್ಕ ಕೂತು ಇದನ್ನೇ ತಿರುವಿ ಹಾಕುತ್ತಿದ್ದ.

ಕಾನೂನು ಓದಿ ಬಂದು ಊರಿನ ನ್ಯಾಯಾಧಿಕಾರಿಯಾದವನು ಅವನು. ಇನ್ನು ಹೆಣಗಳನ್ನು ಚರ್ಚಿನ ನೆಲದಡಿ ಹೂಳಕೂಡದು, ಊರಾಚೆಯ ಹೊಲದಲ್ಲಿ ಹೂಳಬೇಕು ಎಂಬ ರಾಜಾಜ್ಞೆಯನ್ನು ಚೌಕದಲ್ಲಿ ಓದಿದವನೂ ಅವನೇ. ಅದನ್ನು ಮನಸಾರೆ ನಂಬಿದ್ದ. ಹಿಂದಿನ ಬೇಸಿಗೆ ಜ್ವರದಲ್ಲಿ ಸತ್ತವರಿಗಾಗಿ ಚಪ್ಪಡಿ ಎತ್ತಿದಾಗ ಎದ್ದ ನಾತ, ಅದರ ಬೆನ್ನಿಗೇ ಹಾಸಿಗೆ ಹಿಡಿದ ಮಕ್ಕಳು, ಯಾವುದೂ ಮರೆತಿರಲಿಲ್ಲ.

ಊರು ಮಾತ್ರ ಹಟ ಹಿಡಿದಿತ್ತು. ಹೊಸ ಸ್ಮಶಾನದಲ್ಲಿ ಮೊದಲು ಮಣ್ಣಾದವರ ಆತ್ಮ ಎರಡನೆಯವರು ಬರುವ ತನಕ ಒಂಟಿಯಾಗಿ ಕಾವಲಿರಬೇಕಂತೆ. ಅದಕ್ಕೇ ಹೆಣಗಳು ಹುಲ್ಲಿನ ಗಾಡಿಯಲ್ಲಿ ಅಡಗಿ ಪಕ್ಕದೂರಿನ ಚರ್ಚಿಗೆ ಹೋಗುತ್ತಿದ್ದವು.

ನೆರೆಮನೆಯ ಬ್ರಿಖಿದಾ ಬಿಸಿ ಸಾರು ತಂದಿಟ್ಟಳು.

"ಅಲ್ಲಪ್ಪಾ ದೊರೆ, ನಿಮ್ಮ ರಾಜರೂ ನಮ್ಮ ಜೊತೆ ಹೊಲದಲ್ಲೇ ಮಲಗ್ತಾರೇನು?"

"ಸುಮ್ನಿರಿ ಬ್ರಿಖಿದಮ್ಮ. ಅಮ್ಮಂಗೆ ಎಚ್ಚರ ಆಗುತ್ತೆ."

"ನಾನು ಸುಮ್ನಿರ್ತೀನಿ. ಊರು ಸುಮ್ನಿರಲ್ಲ. ಅವರಮ್ಮನ್ನ ಎಲ್ಲಿಡ್ತಾನೋ ನೋಡೋಣ, ಆಮೇಲೆ ನಮ್ಮ ಮಾತು ಅಂತಿದಾರೆ."

ಅವಳು ಹೋದ ಮೇಲೆ ತಾಯಿ ಕಸಿಲ್ದಾ ಕಣ್ಣು ಬಿಟ್ಟಳು. ಗಂಡ ಸತ್ತಂದಿನಿಂದ ಚರ್ಚಿನಲ್ಲಿ ಅವಳ ಜಾಗವೆಂದರೆ ಅವನ ಮೇಲಿನ ಚಪ್ಪಡಿಯೇ. ಭಾನುವಾರ ಭಾನುವಾರ ಅದರ ಮೇಲೆ ಮೇಣದ ಬತ್ತಿ ಹಚ್ಚಿ, ರೊಟ್ಟಿಯಿಟ್ಟು ಕೂರುತ್ತಿದ್ದಳು.

"ಅಪ್ಪನ ಹತ್ರ ಬತ್ತಿ ಹಚ್ಚಿದ್ಯೇನೋ?"

"ಹಚ್ಚಿದೆ, ಅಮ್ಮ."

"ಕಲ್ಲು ಎತ್ತೋವಾಗ ಒಡೀಬೇಡಿ. ಅವರು ಎಡಕ್ಕಿದ್ದಾರೆ, ನನ್ನ ಬಲಕ್ಕಿಡು. ತೀರಾ ಒತ್ತಿ ಇಡಬೇಡ, ಗೊರಕೆ ಹೊಡೀತಾರೆ."

ನಕ್ಕಳು, ನಗು ಕೆಮ್ಮಾಯಿತು. ಅವನು ಅವಳ ಕೈ ಹಿಡಿದುಕೊಂಡ. ಆ ಹಿಡಿತವನ್ನೇ ಒಪ್ಪಿಗೆ ಎಂದುಕೊಂಡು ಅವಳು ಕಣ್ಣು ಮುಚ್ಚಿದಳು. ಮತ್ತೆ ತೆರೆಯಲಿಲ್ಲ.

ಮರುದಿನ ಶವಪೆಟ್ಟಿಗೆ ಚರ್ಚಿನ ಬಾಗಿಲ ಬಳಿ ಬಂತು. ಹೊತ್ತವರು ಅಭ್ಯಾಸಬಲದಿಂದ ಒಳಗೆ ತಿರುಗಿದರು. "ಮುಂದೆ," ಎಂದ ಫ್ರೋಯ್ಲಾನ್. ಬ್ರಿಖಿದಾ ಬಾಯಿ ತೆರೆದವಳು ಅವನ ಮುಖ ನೋಡಿ ಪೆಟ್ಟಿಗೆಯ ಹಿಂದೆ ಹೆಜ್ಜೆ ಹಾಕಿದಳು. ಹೊಲದಲ್ಲಿ ಅವನು ರೊಟ್ಟಿಯನ್ನು ಅವಳನ್ನು ಮುಚ್ಚಿದ ಮಣ್ಣಿನ ಮೇಲಿಟ್ಟ. ಬತ್ತಿ ಗಾಳಿಗೆ ಹತ್ತಲೇ ಇಲ್ಲ.

ಎಲ್ಲರೂ ಹೋದ ಮೇಲೂ ಅವನು ಅಲ್ಲೇ ಕೂತಿದ್ದ. ಅಮ್ಮನ ಕಾವಲು ಬಿಡಿಸಲು ಎರಡನೆಯವರು ಬೇಗ ಬರಲಿ ಎಂದು ತಾನೇ ಹಾರೈಸುತ್ತಿರುವುದು ತಟ್ಟನೆ ಅರಿವಾಯಿತು.

ತಾಯಿಯ ಮಂಚದ ಪಕ್ಕ ಕೂತಿದ್ದಾಗಲೇ ಅವಳ ಗುಂಡಿಯನ್ನು ಹೊಲದಲ್ಲಿ ಅಗೆಸಿಟ್ಟಾಗಿತ್ತು; ಅದನ್ನು ಅವನು ಅವಳಿಗೆ ಹೇಳಲೇ ಇಲ್ಲ.