ಹುಸೇನಪೀರರ ಜಿಮ್ಮಾ

ಯಾರ ವಸ್ತುವನ್ನೂ ಒಡೆಯನ ಅಪ್ಪಣೆಯಿಲ್ಲದೆ ಹುಸೇನಪೀರರು ಮುಟ್ಟುತ್ತಿರಲಿಲ್ಲ. ಕೆಟ್ಟ ಗಡಿಯಾರವನ್ನೋ ಮೂಕವಾದ ರೇಡಿಯೋವನ್ನೋ ತಂದವರೆದುರು ಮೊದಲು ಬಿಳಿಯ ದಸ್ತಿಯೊಂದನ್ನು ಬಿಡಿಸಿ, ಅದರ ಅಂಚುಗಳನ್ನು ಅಂಗೈಯಿಂದ ಸವರಿ ಸಮಮಾಡಿ, "ಕೈ ಹಚ್ಚಲೇನ್ರಿ?" ಎಂದು ಕೇಳುತ್ತಿದ್ದರು. ಒಡೆಯನು ಹೂಂಗುಟ್ಟಿ ತನ್ನ ಕೈಯಾರೆ ವಸ್ತುವನ್ನು ಆ ಬಟ್ಟೆಯ ಮೇಲಿಟ್ಟ ಕ್ಷಣದಿಂದ ಅದಕ್ಕೊದಗುವ ಸಕಲ ಹಾನಿಗೂ ತಾವೇ ಹೊಣೆಯೆಂಬುದು ಅವರು ತಮಗೆ ತಾವೇ ವಿಧಿಸಿಕೊಂಡಿದ್ದ ಶಾಸನ. ಅದನ್ನು ಅವರು ಜಿಮ್ಮಾ ಎನ್ನುತ್ತಿದ್ದರು.

ಆಳಂದದ ಬಸ್ ನಿಲ್ದಾಣದ ಹಿಂದೆ, ತೊಗರಿ ಅಡತಿಗಳ ಸಾಲು ಮುಗಿಯುವಲ್ಲಿ ಅವರ ಅಂಗಡಿ. ವೈಶಾಖದ ಉರಿಯಲ್ಲೂ ಮೈಮೇಲೊಂದು ಕಂದು ಉಣ್ಣೆಯ ಕೋಟು. ಅದರ ಏಳು ಜೇಬುಗಳಲ್ಲಿ ಏಳು ಬಗೆಯ ಸ್ಕ್ರೂಗಳು. ಎಡಗೈಯನ್ನು ಬೆನ್ನಿಗೆ ಕಟ್ಟಿ, ಬಿದ್ದದ್ದೇನನ್ನೋ ಅರಸುವವರಂತೆ ಗೋಡೆಯಂಚಿಗೇ ನಡೆಯುತ್ತಿದ್ದರು. ಅವಸರಪಡಿಸಿದವರಿಗೆಲ್ಲ ಒಂದೇ ಉತ್ತರ: "ಜರಾ ತಡ್ರಿ." ನಿವೃತ್ತ ಶಿಕ್ಷಕಿ ಕಾಶಿಬಾಯಿಯವರ ರೇಡಿಯೋ ಒಮ್ಮೆ ಅವರ ಅಂಗಡಿಯಲ್ಲೇ, ಆ ತಾಯಿಯ ಮೊಣಕೈ ತಗುಲಿ ಕೆಳಗುರುಳಿ ಗಾಜೊಡೆಯಿತು. ಆಕೆ ಮೂರು ಸಲ ತಪ್ಪು ತನ್ನದೇ ಎಂದರೂ ಇವರು ಒಪ್ಪಲಿಲ್ಲ. "ಇರ್ಲಿ ಅವ್ವಾ, ಆವಾಗ ಅದು ನಿಮ್ಮ ಮನ್ಯಾಗ ಇರಲಿಲ್ಲಲಾ" ಎಂದು ನಕ್ಕು ಹೊಸ ಗಾಜು ಕೂಡಿಸಿಕೊಟ್ಟರು. ಅಂದು ಪಕ್ಕದಲ್ಲಿದ್ದ ನಾನೂ ನಕ್ಕಿದ್ದೆ.

ನಾನಾಗ ಅಲ್ಲಿನ ಖಾಸಗಿ ಕಾಲೇಜೊಂದರಲ್ಲಿ ಕನ್ನಡದ ಅರೆಕಾಲಿಕ ಉಪನ್ಯಾಸಕ. ತೊಂಬತ್ತೇಳರ ಬೇಸಿಗೆಯಲ್ಲಿ ಆಡಳಿತ ಮಂಡಳಿಯವರೊಬ್ಬರು ತಾವು ಬಳಸಿ ಬಿಟ್ಟ ಲ್ಯಾಪ್‌ಟಾಪ್ ಒಂದನ್ನು ಕಾಲೇಜಿಗೆ ದಾನವಿತ್ತರು. ಕಚೇರಿಯ ಕಂಪ್ಯೂಟರಿನಲ್ಲಿದ್ದ ವಿದ್ಯಾರ್ಥಿಗಳ ಪಟ್ಟಿಯು ತಂತಿಯ ಮೂಲಕ ತಮ್ಮ ಕೋಣೆಯ ಈ ಯಂತ್ರದಲ್ಲೂ ಕಾಣಬೇಕೆಂಬುದು ಪ್ರಾಂಶುಪಾಲ ಬಸವಂತರಾಯರ ಅಪೇಕ್ಷೆ. ಎರಡು ದಿನಗಳಲ್ಲಿ ಪರಿಶೀಲನಾ ಸಮಿತಿ ಬರುವುದಿತ್ತು. ಅದಕ್ಕೆ ಬೇಕಾದ ನೆಟ್‌ವರ್ಕ್ ಕಾರ್ಡು ಸೊಲ್ಲಾಪುರದಿಂದ ಬಂತು: ಬಸ್ ಪಾಸಿನ ಅಳತೆಯ ತೆಳು ಬಿಲ್ಲೆ, ಹಿಂಬದಿಗೆ ತಂತಿ ಸಿಕ್ಕಿಸಲು ಚಿಕ್ಕದೊಂದು ಬಾಲ. ಜೋಡಿಸಲು ಹುಸೇನಪೀರರನ್ನು ಕರೆಸಲಾಯಿತು. ಕೆಲಸ ಸರಿಯಾದರೆ ಪ್ರಯೋಗಾಲಯದ ಮೆಕ್ಯಾನಿಕ್ ಹುದ್ದೆಗೆ ಅವರನ್ನೇ ನೇಮಿಸುವುದಾಗಿ ಬಸವಂತರಾಯರು ನನ್ನೆದುರೇ ಮಾತು ಕೊಟ್ಟರು. ಐವತ್ತೆರಡರ ವಯಸ್ಸಿನಲ್ಲಿ, ಕಣ್ಣು ಮಂಜಾಗತೊಡಗಿದ್ದ ಆ ಮನುಷ್ಯನಿಗೆ ಅದು ಬದುಕಿನ ಮೊದಲ ನೌಕರಿಯಾಗುತ್ತಿತ್ತು.

ದಸ್ತಿ ಹಾಸಿದರು, ಅಪ್ಪಣೆ ಕೇಳಿದರು. ಯಂತ್ರ ಎಚ್ಚರಗೊಳ್ಳಲು ಐದು ನಿಮಿಷ ತೆಗೆದುಕೊಂಡಾಗ, "ವಯಸ್ಸಾಗ್ಯಾದ್ರಿ ಇದಕ್ಕ, ನನ್ನಂಗ. ಎಬ್ಬಿಸಿದ್ರ ಮೊದಲ ಕೆಮ್ಮತದ, ಆಮ್ಯಾಲ ಏಳ್ತದ" ಎಂದರು. ಪಕ್ಕದ ಕಿಂಡಿಯ ಮುಚ್ಚಳ ಸರಿಸಿ, ಒಳಗಿನ ಸೂಜಿಮೊನೆಗಳನ್ನು ಮಸೂರದಿಂದ ಎಣಿಸಿದರು, ಅರವತ್ತೆಂಟು. ಬಳಿಕ ಯಂತ್ರವನ್ನು ಆರಿಸಿ, ಅಡಿಭಾಗದ ಸ್ಕ್ರೂಗಳನ್ನು ನೋಡಲೆಂದು ಮಗುಚಿಟ್ಟರು. ಅಷ್ಟರಲ್ಲಿ ಮಧ್ಯಾಹ್ನದ ನಮಾಜಿನ ಹೊತ್ತಾಯಿತು. ಬಂದು ಕಾರ್ಡು ಕೂಡಿಸುವುದಾಗಿ ಹೇಳಿ ಹೋದರು.

ಇಂಗ್ಲಿಷ್ ಕೈಪಿಡಿಯನ್ನು ಓದಿ ಹೇಳಲು ನೇಮಕಗೊಂಡಿದ್ದ ನಾನೊಬ್ಬನೇ ಕೋಣೆಯಲ್ಲಿ ಉಳಿದೆ. ಕಾವ್ಯಮೀಮಾಂಸೆಯನ್ನು ಅರಗಿಸಿಕೊಂಡವನಿಗೆ ಎಂಟು ಪುಟದ ಕೈಪಿಡಿ ಯಾವ ಲೆಕ್ಕವೆಂಬ ಮದವೋ, ಅವರು ಮರಳುವುದರೊಳಗೆ ಮುಗಿಸಿ ಬೆರಗುಗೊಳಿಸುವ ಚಪಲವೋ, ಕಾರ್ಡನ್ನು ಕೈಗೆತ್ತಿಕೊಂಡೆ. ಹೆಸರು ಮುದ್ರಿಸಿದ ಮೈ ಮೇಲಿರಲಿ ಎಂದು ಬರೆದಿತ್ತು. ಹಾಗೆಯೇ ಹಿಡಿದೆ. ಯಂತ್ರವೇ ತಲೆಕೆಳಗಾಗಿ ಮಲಗಿದೆಯೆಂಬುದು ಹೊಳೆಯಲಿಲ್ಲ. ಕಿಂಡಿ ತಡೆಯಿತು, ನಾನು ಹೆಬ್ಬೆರಳಿನಿಂದ ಒತ್ತಿದೆ. ಒಳಗೆಲ್ಲೋ ಕಿರ್ರೆಂದು ಸಣ್ಣದೊಂದು ಸದ್ದಾಯಿತು. ಕಾರ್ಡನ್ನು ಹೊರಗೆಳೆದು ಇದ್ದಲ್ಲೇ ಇಟ್ಟು, ಕುರ್ಚಿಗೆ ಮರಳಿ ಕೈಪಿಡಿಯ ಪುಟ ತಿರುವಿದೆ.

ಹುಸೇನಪೀರರು ಪ್ರಾಂಶುಪಾಲರೊಂದಿಗೇ ಒಳಬಂದರು. ಮಸೂರ ಹಿಡಿದು ಕಿಂಡಿಯೊಳಗೆ ನೋಡಿದವರು ಬಹಳ ಹೊತ್ತು ತಲೆಯೆತ್ತಲಿಲ್ಲ.

"ಏನಾತೋ ಉಸ್ತಾದ?" ಎಂದರು ಬಸವಂತರಾಯರು.

"ನಾಕು ಸೂಜಿ ಬಾಗ್ಯಾವ್ರಿ."

"ಯಾರ್ ಬಾಗಿಸಿದ್ರು?"

ನನ್ನ ಕಡೆ ಹುಸೇನಪೀರರು ನೋಡಲಿಲ್ಲ. ನೋಡಿದ್ದರೆ ಬಾಯಿ ಬಿಡುತ್ತಿದ್ದೆನೆಂದು ಎಷ್ಟೋ ಕಾಲ ನನ್ನನ್ನು ನಾನು ನಂಬಿಸಿಕೊಂಡಿದ್ದೆ. "ನನ್ನ ದಸ್ತಿ ಮ್ಯಾಲ ಇತ್ರಿ ಸಾಹೇಬ್ರ" ಎಂದಷ್ಟೇ ಹೇಳಿದರು. ಬಸವಂತರಾಯರು ಅದನ್ನು ತಪ್ಪೊಪ್ಪಿಗೆಯೆಂದು ಭಾವಿಸಿದರು. ರೇಡಿಯೋ ಬಿಚ್ಚುವವನ ಕೈಗೆ ಕಂಪ್ಯೂಟರ್ ಕೊಟ್ಟದ್ದು ತಮ್ಮದೇ ಮೂರ್ಖತನವೆಂದು ನನ್ನತ್ತ ತಿರುಗಿ ಹಲುಬಿದರು. ನಾನು ತಲೆಯಾಡಿಸಿದೆ. ಒತ್ತಿದ ಹೆಬ್ಬೆರಳಿಗಿಂತ, ಆಡಿಸಿದ ಆ ತಲೆಯೇ ನನ್ನನ್ನು ಇಂದಿಗೂ ಹೇಸುವಂತೆ ಮಾಡುತ್ತದೆ.

ಹುಸೇನಪೀರರು ಹೊಲಿಗೆ ಸೂಜಿಯೊಂದನ್ನು ತರಿಸಿಕೊಂಡು, ಉಸಿರು ಬಿಗಿಹಿಡಿದು, ಬಾಗಿದ ಮೊನೆಗಳನ್ನು ಒಂದೊಂದಾಗಿ ನೆಟ್ಟಗೆ ಮಾಡಿದರು. ಮೂರು ಗಂಟೆ ಹಿಡಿಯಿತು. ಬಳಿಕ ಕಾರ್ಡು ಯಾವ ಪ್ರತಿಭಟನೆಯೂ ಇಲ್ಲದೆ ಒಳಸರಿಯಿತು. ಜೊತೆಗೆ ಬಂದ ಫ್ಲಾಪಿಯಲ್ಲಿನ ತಂತ್ರಾಂಶವನ್ನು ನಾನು ಓದಿ ಹೇಳಿದಂತೆ ಯಂತ್ರಕ್ಕೆ ಉಣಿಸಿದರು. ಸಂಜೆಯ ಹೊತ್ತಿಗೆ ಹಸಿರು ದೀಪ ಮಿನುಗಿ, ಕಚೇರಿಯ ಪಟ್ಟಿ ಪರದೆಯ ಮೇಲೆ ಮೂಡಿತು. ಸಮಿತಿ ಬಂದು ಮೆಚ್ಚಿ ಹೋಯಿತು. ಹುದ್ದೆ ಮಾತ್ರ ಗುಲಬರ್ಗಾದ ಯಾರಿಗೋ ಸಂದಿತು. ಊರಲ್ಲಿ ಹುಸೇನಪೀರರ ಕೈ ಬಿರುಸೆಂಬ ಮಾತು ಹಬ್ಬಿತು. ನಾನು ಕಂಡ ಅತ್ಯಂತ ಮೃದುವಾದ ಕೈಗಳ ಬಗ್ಗೆ.

ತಿಂಗಳು ಕಳೆದ ಮೇಲೆ ಅವರ ಅಂಗಡಿಗೆ ಹೋಗಿ ನಡೆದುದೆಲ್ಲವನ್ನೂ ಹೇಳಿದೆ. ಅವರು ಗಡಿಯಾರವೊಂದರ ಮುಳ್ಳನ್ನು ಚಿಮುಟದಲ್ಲಿ ಹಿಡಿದು ಕುಳಿತಿದ್ದರು.

"ನನಗ್ಯಾಕ ಹೇಳಾಕತ್ತೀರಿ ಸರ್? ನನಗ ಅವತ್ತೇ ಗೊತ್ತಿತ್ತು" ಎಂದರು. "ಗೊತ್ತಿಲ್ಲದವರಿಗಿ ಹೇಳ್ರಿ."

ಧ್ವನಿಯಲ್ಲಿ ಕೋಪವಿರಲಿಲ್ಲ, ಕನಿಕರವೂ ಇರಲಿಲ್ಲ. ಗೊತ್ತಿಲ್ಲದ ಬಸವಂತರಾಯರ ಮನೆ ಅಲ್ಲಿಂದ ಎರಡು ಫರ್ಲಾಂಗು. ಅಂದು ಬಾಗಿಲ ತನಕ ಹೋಗಿ, ಒಳಗೆ ಅತಿಥಿಗಳಿದ್ದಾರೆಂಬ ನೆಪದಿಂದ ಹಿಂದಿರುಗಿದೆ. ನನ್ನ ನೇಮಕ ಕಾಯಂ ಆಗುವವರೆಗೆ ಎಂದು ಒಮ್ಮೆ, ಆದ ಮೇಲೆ ಇನ್ನೇಕೆ ಎಂದು ಮತ್ತೊಮ್ಮೆ ಮುಂದೂಡಿದೆ. ಕೊನೆಗೆ ಅದೇ ಸಂಸ್ಥೆಯ ಅಫಜಲಪುರದ ಕಾಲೇಜಿಗೆ ವರ್ಗವಾಗಿ ಬಂದೆ. ಬಸವಂತರಾಯರು ತೀರಿಕೊಂಡ ಸುದ್ದಿಯನ್ನು ಇಲ್ಲಿಯೇ, ಪತ್ರಿಕೆಯಲ್ಲಿ ಓದಿದೆ. ಓದಿದೊಡನೆ ಮನಸ್ಸಿಗೆ ಬಂದದ್ದು ದುಃಖವಲ್ಲ, ನಿರಾಳ. ಆ ನಿರಾಳದಿಂದಲೇ ನಾನು ಎಂಥವನೆಂದು ನನಗೆ ತಿಳಿಯಿತು.

ನಮ್ಮನ್ನು ದೂರದೆ ಸುಮ್ಮನಿರುವವರನ್ನು ಕ್ಷಮಾಶೀಲರೆಂದು ಕರೆದು ನಾವು ಹಗುರಾಗುತ್ತೇವೆ. ಹುಸೇನಪೀರರಂಥವರು ಕ್ಷಮಿಸಿರುವುದಿಲ್ಲ. ನಿಜ ನುಡಿಯುವ ಸರದಿಯನ್ನು ನಮಗೆ ಬಿಟ್ಟುಕೊಟ್ಟು, ನಾವೂ ಮನುಷ್ಯರೇ ಇರಬಹುದೆಂದು ನಂಬಿ, ತಮ್ಮ ಕೆಲಸಕ್ಕೆ ಮರಳಿರುತ್ತಾರೆ. ಅವರ ಆ ನಂಬಿಕೆಯನ್ನು ಹೊತ್ತು ನಡೆಯುವುದಕ್ಕಿಂತ ನಾಲ್ಕು ಜನರೆದುರು ಬೈಸಿಕೊಳ್ಳುವುದು ಎಷ್ಟೋ ಸುಲಭ.